ನೆಲ ಮುಟ್ಟದ ತಂತಿ

೧೯೩೮ ಜನವರಿ ೩, ಸೋಮವಾರ

ನಾನು ಗುರುಸಿದ್ದಮ್ಮ. ಸೋಮವಾರಪೇಟೆ ಸೀಮೆಯಲ್ಲಿ ದೊಡ್ಡಮನೆ ಎಂದರೆ ಈ ಮನೆ. ಅಮಲ್ದಾರರ ಮಗಳು, ಮೈಸೂರಿನಲ್ಲಿ ಹೈಸ್ಕೂಲಿನವರೆಗೆ ಓದಿದವಳು. ಯಜಮಾನರು ತೀರಿಕೊಂಡ ಮೇಲೆ ಮನೆ, ಕಾಫಿ ತೋಟ, ಆಳುಕಾಳು ಎಲ್ಲವನ್ನೂ ನಾನೇ ನಡೆಸಿದೆ. ಮಗ ದೊಡ್ಡವನಾದಾಗ ತೋಟವನ್ನು ಅವನ ಕೈಗೆ ಕೊಟ್ಟೆ. ಮನೆಯನ್ನು ಕೊಡಲಿಲ್ಲ. ಈಗ ತೋಟವೂ ಮರಳಿ ನನ್ನ ಕೈಗೇ ಬಂದಿದೆ. ಈ ಮನೆಯಲ್ಲಿ ನಾನು ಬೇಡ ಎಂದದ್ದು ಇದುವರೆಗೆ ನಡೆದಿಲ್ಲ.

ಈ ಡೈರಿ ಕಾಫಿ ಕೊಳ್ಳುವ ಕಂಪೆನಿಯವರು ಪ್ರತಿ ವರ್ಷ ಕಳಿಸುವುದು. ಮಗ ಶಿವಶಂಕರನ ಹೆಸರಿಗೇ ಬಂದಿದೆ. ಅವನು ಅಕ್ಟೋಬರಿನಲ್ಲಿ ಮಲೇರಿಯಾ ತಲೆಗೇರಿ ಹೋದ. ಅವರಿಗೆ ಗೊತ್ತಾಗಿಲ್ಲವೋ, ಹೆಸರು ತೆಗೆಯಲು ಮರೆತರೋ. ಹಾಳೆ ಒಳ್ಳೆಯದಿದೆ. ಬರೆಯುತ್ತೇನೆ.

ಜನ ಬಂದರು, ಅತ್ತರು, ಹೋದರು. ನನಗೆ ಅಳು ಬರಲಿಲ್ಲ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಬೆಳಿಗ್ಗೆ ಕುಡಿದ ಕಾಫಿ ನಾಲಿಗೆ ಸುಟ್ಟಿತ್ತು ಎಂಬುದು ಮಧ್ಯಾಹ್ನ ಮಾತಾಡುವಾಗ ನಾಲಿಗೆ ತಡವರಿಸಿದ್ದರಿಂದ ಗೊತ್ತಾಯಿತು.

ಜನವರಿ ೮, ಶನಿವಾರ

ತೋಟದ ಲೆಕ್ಕ ಬರೆಯುವ ರೈಟರು ಕಲ್ಲೇಶಪ್ಪ ಬಂದು ಕಂಬದ ಹತ್ತಿರ ನಿಂತ. ಹೇಳಲಾರದ ವಿಷಯವಿದ್ದರೆ ಅವನು ಒಳಗೆ ಬರುವುದಿಲ್ಲ, ಕಂಬದ ಹತ್ತಿರವೇ ನಿಲ್ಲುತ್ತಾನೆ.

"ಅಮ್ಮೋರೇ, ಆ ಕರೆಂಟಿನ ಕೆಲಸ... ನಿಲ್ಲಿಸಿಬಿಡಾದಾ?"

ಪಕ್ಕದ ಬಿಳಿ ದೊರೆಯ ತೋಟದಲ್ಲಿ ಹೊಳೆಯ ನೀರಿನಿಂದ ಚಕ್ರ ತಿರುಗಿಸಿ ಕರೆಂಟು ಮಾಡುತ್ತಾರೆ. ಶಿವಶಂಕರ ದೊರೆಯನ್ನು ಒಪ್ಪಿಸಿ ಅಲ್ಲಿಂದ ನಮ್ಮ ಮನೆಗೆ ಕಂಬ ಹಾಕಿಸಿದ್ದ. ಮನೆಯೊಳಗೆ ಗೋಡೆಯ ಮೇಲೆ ಮರದ ಪಟ್ಟಿ ಹೊಡೆಸಿ, ಅದರೊಳಗೆ ತಂತಿ ಎಳೆಸುವ ಕೆಲಸ ಅರ್ಧವಾಗಿತ್ತು.

"ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವ ಮನೆಯಲ್ಲ ಇದು. ಆ ವೈರ್‌ಮ್ಯಾನನ್ನು ಬರಹೇಳು," ಎಂದೆ.

ಜನವರಿ ೧೨, ಬುಧವಾರ

ವೈರ್‌ಮ್ಯಾನ್ ಬಂದಿದ್ದಾನೆ. ಬೆಳ್ಳಿಯಪ್ಪ ಎಂದು ಹೆಸರು, ಪೊನ್ನಂಪೇಟೆ ಕಡೆಯವ. ಖಾಕಿ ಚಡ್ಡಿ, ತಲೆಗೆ ದೊರೆಗಳ ಟೋಪಿ. ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಏಣಿಯ ಮೇಲಿದ್ದರೆ ಹಾಡು, ಕೆಳಗಿದ್ದರೆ ಮಾತು.

ಮಧ್ಯಾಹ್ನ ಸೊಸೆ ಬಾಗಿಲ ಮರೆಯಿಂದ ಅವನನ್ನು ಏನೋ ಕೇಳುತ್ತಿದ್ದಳು. ಇಸ್ತ್ರಿಪೆಟ್ಟಿಗೆಗೆ ಬೇರೆ ಫ್ಯೂಸು ಹಾಕಿದ್ದೀರೋ, ಇಲ್ಲ ದೀಪಗಳ ಲೈನಿನಲ್ಲೇ ಸೇರಿಸಿದ್ದೀರೋ ಎಂದು. ಅವನು ಏಣಿಯಿಂದ ಬಗ್ಗಿ ನೋಡಿ, "ಅಕ್ಕಾ, ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದ. ಅವಳು ಬಾಗಿಲ ಹಿಂದೆ ಸರಿದಳು. ಯಾರೆಂದು ನನಗೆ ಗೊತ್ತು.

ಅವಳನ್ನು ಒಳಗೆ ಕರೆದು, "ನಾಲ್ಕು ತಿಂಗಳ ಬಸುರಿ, ಗಂಡ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ. ಕೂಲಿಯವರ ಜೊತೆ ಏನು ಮಾತು?" ಎಂದೆ.

"ತಪ್ಪಾಯ್ತು ಅತ್ತೆ," ಎಂದಳು. ಹೊರಟವಳು ಬಾಗಿಲಲ್ಲಿ ತಿರುಗಿ, "ಫ್ಯೂಸು ಅಂದ್ರೆ ಏನು ಗೊತ್ತಾ ಅತ್ತೆ? ತೆಳ್ಳನೆ ತಂತಿ. ಕರೆಂಟು ಮಿತಿ ಮೀರಿ ಬಂದ್ರೆ ಮೊದ್ಲು ಅದೇ ಕರಗಿ ಕಡಿದುಹೋಗತ್ತೆ. ಸಾಯಕ್ಕೇ ಅಂತ ಇಟ್ಟಿರೋದು, ಅದು ಸತ್ರೆ ಮನೆ ಉಳಿಯತ್ತೆ ಅಂತಿದ್ರು," ಎಂದಳು.

ನಾನು ಕೇಳಿರಲಿಲ್ಲ. ಆದರೂ ಬರೆದಿಟ್ಟಿದ್ದೇನೆ.

ಜನವರಿ ೧೩, ಗುರುವಾರ

ಬೆಳ್ಳಿಯಪ್ಪ ಬೆಳಿಗ್ಗೆಯೇ ಹಿತ್ತಲಲ್ಲಿ ನೆಲ ಒದೆದು ನೋಡುತ್ತ ನಿಂತಿದ್ದ.

"ಅಮ್ಮಾ, ಇಲ್ಲಿ ಒಂದು ಗುಂಡಿ ಬೇಕಲ್ಲ. ಆಳುದ್ದ."

"ಯಾತಕ್ಕೆ?"

"ಅರ್ತಿಗೆ, ಕರೆಂಟನ್ನು ನೆಲಕ್ಕೆ ಇಳಿಸಲಿಕ್ಕೆ. ತಾಮ್ರದ ಹಲಗೆ ಹೂಳುವುದು. ಅದರ ಸುತ್ತ ಇದ್ದಿಲು, ಅದರ ಮೇಲೆ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ನಿಮ್ಮ ಉಗ್ರಾಣದಲ್ಲಿ ಉಪ್ಪಿನ ಮೂಟೆ ಉಂಟಲ್ಲ?"

"ಬೇಡ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅವರ ಜನ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಆಳುದ್ದ ಗುಂಡಿಯಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಕೊಟ್ಟು, ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮುಚ್ಚುತ್ತೇವೆ. ಅಕ್ಟೋಬರಿನಲ್ಲಿ ಉಗ್ರಾಣದ ಬೀಗ ತೆಗೆದು ಉಪ್ಪಿನ ಮೂಟೆಗಳನ್ನು ಹೊರಗೆ ಕೊಟ್ಟವಳು ನಾನೇ. ದೊಡ್ಡಮನೆಯ ಹೆಂಗಸರು ಗುಂಡಿಯ ಹತ್ತಿರ ಹೋಗುವ ಪದ್ಧತಿಯಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಮುಂದೆ ಅವನು, ಹಿಂದೆ ಉಪ್ಪು.

ಬಸುರಿ ಇರುವ ಮನೆಯ ಹಿಂದೆ ಗುಂಡಿ ತೋಡಿ ಉಪ್ಪು ತುಂಬಿಸಲು ನನಗೆ ಬುದ್ಧಿ ಕೆಟ್ಟಿಲ್ಲ.

ಬೆಳ್ಳಿಯಪ್ಪ ಬಿಡಲಿಲ್ಲ. "ಬಚ್ಚಲು ಕಟ್ಟಿ ನೀರು ಹೋಗಲಿಕ್ಕೆ ತೂಬು ಇಡದ ಹಾಗೆ ಆಯಿತು ಇದು. ಒಂದು ತಂತಿಯಲ್ಲಿ ಕರೆಂಟು ಬರ್ತದೆ, ಒಂದರಲ್ಲಿ ವಾಪಸು ಹೋಗ್ತದೆ. ದಾರಿ ತಪ್ಪಿ ಸ್ವಿಚ್ಚಿನ ಕಬ್ಬಿಣಕ್ಕೋ ಇಸ್ತ್ರಿಪೆಟ್ಟಿಗೆಗೋ ಬಂತು ಅಂತ ಇಟ್ಟುಕೊಳ್ಳಿ, ಅದು ನೆಲಕ್ಕೆ ಇಳಿಯಬೇಕಲ್ಲ? ಅದಕ್ಕೇ ಮೂರನೇ ತಂತಿ. ಅದು ನೆಲ ಮುಟ್ಟದಿದ್ದರೆ ಮುಟ್ಟಿದವರ ಮೈಯಲ್ಲೇ ಇಳೀತದೆ."

"ಗುಂಡಿ ಇಲ್ಲದಿದ್ದರೆ ದೀಪ ಉರಿಯುವುದಿಲ್ಲವೋ?"

"ಉರಿಯೋದೇನೋ ಉರೀತದೆ."

"ಸಾಕು."

ಅವನು ಪಕ್ಕದಲ್ಲಿದ್ದ ಕಲ್ಲೇಶಪ್ಪನ ಮುಖ ನೋಡಿದ. ಕಲ್ಲೇಶಪ್ಪ ಸೂರು ನೋಡಿದ. ಬೆಳ್ಳಿಯಪ್ಪನಿಗೆ ತಂಗಿಯ ಮದುವೆ ಹತ್ತಿರ ಬಂದಿದೆಯಂತೆ, ಬೇಗ ಊರಿಗೆ ಹೋಗಬೇಕು. "ಸರಿ, ನಿಮ್ಮ ಮನೆ, ನಿಮ್ಮ ಮಾತು," ಎಂದು ಟೋಪಿ ತಲೆಗಿಟ್ಟ. ಆ ಮೂರನೇ ತಂತಿಯ ತುದಿಯನ್ನು ಸುತ್ತಿ, ಹಿಂದಿನ ಜಗಲಿಯ ಮೈನ್ ಸ್ವಿಚ್ಚಿನ ಹಲಗೆಯ ಹಿಂದೆ ತುರುಕಿದ.

ಜನವರಿ ೨೦, ಗುರುವಾರ

ಸಂಜೆ ಸ್ವಿಚ್ಚು ನಾನೇ ಒತ್ತಿದೆ. ಬೆಳಕಾಯಿತು. ಆಳುಗಳು, ಕೂಲಿ ಲೈನಿನ ಹೆಂಗಸರು ಎಲ್ಲ ಅಂಗಳದಲ್ಲಿ ನಿಂತು ಕೈ ಮುಗಿದರು. ಮನೆಗೆಲಸದ ಮುತ್ತಿ ಬಲ್ಬಿಗೆ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಸ್ಟೂಲು ತಂದಳು. ಬೈದು ಇಳಿಸಿದೆ.

ಸೊಸೆ ಅತ್ತಳು. ನಾನು ಲಿಂಗಪೂಜೆಗೆ ಹೋದೆ.

ಜನವರಿ ೨೯, ಶನಿವಾರ

ಮಡಿಕೇರಿಯಿಂದ ಸೊಳ್ಳೆಪರದೆ ತರಿಸಿದೆ, ಸೊಸೆಯ ಮಂಚಕ್ಕೆ. ಅವನಿಗೆ ಬಂದ ಜ್ವರ ಅವಳಿಗೆ ಬರಬಾರದು. ಬೆಳ್ಳಿಯಪ್ಪ ಊರಿಗೆ ಹೋಗಿಯಾಗಿದೆ. ಆಳು ಸುಬ್ಬ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಮೊಳೆ ನಿಲ್ಲುವುದಿಲ್ಲ. "ಮರದ ಪಟ್ಟಿ ಇದೆಯಲ್ಲ, ಅದಕ್ಕೆ ಹೊಡಿ," ಎಂದೆ. ಹೊಡೆದ. ಗಟ್ಟಿಯಾಗಿ ನಿಂತಿತು.

ಫೆಬ್ರವರಿ ೨, ಬುಧವಾರ

ಅಕ್ಟೋಬರಿನಿಂದ ಬೀಗ ಹಾಕಿದ್ದ ಮಹಡಿಯ ಕೋಣೆಯನ್ನು ತೆಗೆಸಿ ಗುಡಿಸಿದೆ. ಶಿವಶಂಕರನ ಮೇಜು, ಪುಸ್ತಕ, ಬೆಂಗಳೂರಿನಿಂದ ತಂದ ಹಿತ್ತಾಳೆಯ ಮೇಜುದೀಪ. ಬೆಳ್ಳಿಯಪ್ಪ ಅದಕ್ಕೂ ಕರೆಂಟು ಕೊಟ್ಟು ಹೋಗಿದ್ದಾನೆ.

ಧೂಳು ಒರೆಸಲು ದೀಪದ ಕಾಲನ್ನು ಹಿಡಿದೆ. ಜುಮ್ಮೆಂದಿತು. ಬೆರಳಿನಿಂದ ಮೊಣಕೈವರೆಗೆ ಹರಿಯಿತು.

ಕೈ ತೆಗೆದೆ. ಮತ್ತೆ ಇಟ್ಟೆ. ಮತ್ತೆ ಹಾಗೇ ಆಯಿತು.

ಫೆಬ್ರವರಿ ೩, ಗುರುವಾರ

ಇಂದೂ ಹೋಗಿ ಮುಟ್ಟಿದೆ. ಇತ್ತು.

ಫೆಬ್ರವರಿ ೫, ಶನಿವಾರ

ಇತ್ತು. ಮಹಡಿಯ ನೆಲ ಹಲಗೆಯದು. ಕೆಳಗೆ ಇದ್ದಂತೆ ಗಾರೆಯಲ್ಲ. ಬರಿಗಾಲಲ್ಲಿ ನಿಂತರೂ ಜುಮ್ಮೆನ್ನುತ್ತದೆ, ಅಷ್ಟೇ.

ಫೆಬ್ರವರಿ ೧೦, ಗುರುವಾರ

ಸೊಸೆ ಬಂದು, "ಅತ್ತೆ, ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ಜುಮ್ ಅನ್ನತ್ತೆ. ಎಲ್ಲೋ ಕರೆಂಟು ಸೋರ್ತಿದೆ. ಬೆಳ್ಳಿಯಪ್ಪನ್ನ ಕರೆಸಿದ್ರೆ ಒಳ್ಳೇದು," ಎಂದಳು.

ಅವನನ್ನು ಕರೆಸಿದರೆ ಮತ್ತೆ ಗುಂಡಿಯ ಮಾತೇ ತೆಗೆಯುತ್ತಾನೆ.

ಇಸ್ತ್ರಿಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಮೊದಲಿನ ಹಾಗೆ ಕೆಂಡದ ಪೆಟ್ಟಿಗೆಯಲ್ಲೇ ಇಸ್ತ್ರಿಯಾಗಲಿ. "ಬಲ್ಬಿನ ಸ್ವಿಚ್ಚು ಬಿಟ್ಟು ಬೇರೆ ಯಾವುದನ್ನೂ ನೀನು ಮುಟ್ಟಬೇಡ," ಎಂದೆ.

"ಮೇಲಿನ ದೀಪದಲ್ಲೂ ಹೀಗೇ ಆಗತ್ತಾ?"

"ಮೇಲಕ್ಕೆ ಯಾರು ಹೋಗುತ್ತಾರೆ?" ಎಂದೆ.

ಫೆಬ್ರವರಿ ೧೭, ಗುರುವಾರ

ಬೀಗರು ಪರಮೇಶಪ್ಪ ಶನಿವಾರಸಂತೆಯಿಂದ ಬಂದಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಏಳು ತುಂಬುವ ಮೊದಲು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವರ ಮಾತು. ಎರಡು ಸಲ ಕಾಫಿ ಕುಡಿದ ಮೇಲೆ ಬಾಯಿ ಬಿಟ್ಟರು.

"ಮಗು ಈ ಮನೆಯಲ್ಲೇ ಹುಟ್ಟಬೇಕು," ಎಂದೆ. "ಅವನ ಕಡೆಯಿಂದ ಉಳಿದಿರುವುದು ಅದೊಂದೇ. ಇಲ್ಲಿ ದೀಪವಿದೆ. ಮಡಿಕೇರಿಯ ಡಾಕ್ಟರಮ್ಮ ಬರುತ್ತೇನೆ ಎಂದಿದ್ದಾರೆ."

"ದೀಪ ಹೆರಿಗೆ ಮಾಡಿಸ್ತದಾ ಅಕ್ಕಾವ್ರೇ?" ಎಂದು ನಕ್ಕರು. "ನಮ್ಮನೇಲಿ ಹರಳೆಣ್ಣೆ ದೀಪದಾಗೇ ಆರು ಹುಟ್ಟಿದ್ವು. ಒಂದಾದ್ರೂ ಕಪ್ಪಗೆ ಹುಟ್ಟಿತಾ ನೋಡಿ."

"ಆರರಲ್ಲಿ ಎಷ್ಟು ಉಳಿದವು?"

ಅವರ ನಗು ನಿಂತಿತು. ಸೊಸೆ ಬಾಗಿಲಲ್ಲಿ ತಲೆ ತಗ್ಗಿಸಿದಳು. ನಾಲ್ಕು ಉಳಿದದ್ದು ಎಂದು ನನಗೆ ಗೊತ್ತಿತ್ತು.

ಹೊರಡುವಾಗ ಪರಮೇಶಪ್ಪ ಮೆಟ್ಟಿಲ ಹತ್ತಿರ ನಿಂತು, "ನನ್ನ ಮಗಳನ್ನ ನಿಮ್ಮ ಕೈಗೆ ಬಿಟ್ಟೋಗ್ತಿದೀನಿ. ಅವಳಿಗೇನಾದ್ರೂ ಆದ್ರೆ ನಾನು ಬೀಗ ಅಂತ ನೋಡಕಿಲ್ಲ," ಎಂದರು.

ಏನೂ ಆಗುವುದಿಲ್ಲ ಎಂದೆ.

ಸಂಜೆ ಮೇಲೆ ಹೋದೆ. ಇತ್ತು.

ಫೆಬ್ರವರಿ ೨೮, ಸೋಮವಾರ

ಶಿವರಾತ್ರಿ. ಹಬ್ಬ ಮಾಡಲಿಲ್ಲ, ಪೂಜೆ ಮಾಡಿದೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ತಂಪಾಗಲಿ ಭಾರವಾಗಲಿ ತಿಳಿಯುತ್ತಿಲ್ಲ. ಮೊದಲು ತಿಳಿಯುತ್ತಿತ್ತು.

ಮೇಲೆ ಇತ್ತು.

ಮಾರ್ಚ್ ೯, ಬುಧವಾರ

ಸೊಸೆ ಹಿಂದಿನ ಜಗಲಿಯಲ್ಲಿ ಮೈನ್ ಸ್ವಿಚ್ಚಿನ ಹಲಗೆಯ ಹಿಂದೆ ಇಣುಕುತ್ತಿದ್ದಳು. ಹೊಟ್ಟೆ ಕಾಣಿಸುತ್ತಿದೆ ಈಗ. ಸೆರಗಿನಿಂದ ಮುಚ್ಚಿದರೂ ಮುಚ್ಚುವುದಿಲ್ಲ.

"ಅತ್ತೆ, ಈ ತಂತಿ ಎಲ್ಲಿಗೆ ಹೋಗತ್ತೆ?"

"ಯಾವುದು?"

"ಮೂರನೇದು. ಅರ್ತಿಂದು. ಇಲ್ಲೇ ಸುತ್ತಿ ಬಿಟ್ಟಿದಾರೆ."

"ಎಲ್ಲಿಗೂ ಹೋಗುವುದಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಮನೇಲಿರೋ ಲೋಹ ಎಲ್ಲಾ ಈ ತಂತಿಗೆ ಸೇರಿದೆ ಅತ್ತೆ. ಈ ಕಬ್ಬಿಣದ ಪೆಟ್ಟಿಗೆ, ಇಸ್ತ್ರಿ, ಮೇಲಿನ ದೀಪ, ಎಲ್ಲಾ. ಇದು ನೆಲ ಮುಟ್ಟದಿದ್ರೆ, ಒಂದು ಕಡೆ ಸೋರಿದ್ದು ಎಲ್ಲಾ ಕಡೆ ಬರತ್ತೆ. ತಂತಿನೇ ಇಲ್ದಿದ್ರೆ ವಾಸಿಯಿತ್ತು."

"ಒಳಗೆ ಹೋಗಿ ಕೂತುಕೋ," ಎಂದೆ.

ಹೋದಳು. ಹೋಗುವಾಗ ಆ ಪೆಟ್ಟಿಗೆಯಿಂದ ದೂರ ಸರಿದು, ಗೋಡೆಯ ಇನ್ನೊಂದು ಬದಿಗೆ ಅಂಟಿಕೊಂಡು ನಡೆದಳು. ಬಸುರಿ ಕೆಸರಿನಲ್ಲಿ ನಡೆಯುವ ಹಾಗೆ.

ಮಾರ್ಚ್ ೧೪, ಸೋಮವಾರ

ಇತ್ತು.

ಮಾರ್ಚ್ ೧೯, ಶನಿವಾರ

ಹೂಮಳೆ ಇನ್ನೂ ಬಂದಿಲ್ಲ. ಕಾಫಿ ಮೊಗ್ಗು ಕಾಯುತ್ತಿದೆ. ಕಲ್ಲೇಶಪ್ಪ ದಿನಕ್ಕೆ ನಾಲ್ಕು ಸಲ ಆಕಾಶ ನೋಡುತ್ತಾನೆ. ನನಗೆ ಬಂದರೂ ಒಂದೇ, ಬರದಿದ್ದರೂ ಒಂದೇ ಎನ್ನಿಸುತ್ತದೆ. ಇದನ್ನು ಯಾರ ಮುಂದೆಯೂ ಹೇಳುವ ಹಾಗಿಲ್ಲ.

ಮೇಲೆ ಇತ್ತು.

ಮಾರ್ಚ್ ೨೩, ಬುಧವಾರ

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ. ನಿನ್ನೆ ಬರೆಯಲು ಆಗಲಿಲ್ಲ.

ನಿನ್ನೆ ಮೂರು ಗಂಟೆಯ ಹೊತ್ತಿಗೆ ಹೂಮಳೆ ಬಂತು. ಗಾಳಿಯ ಜೊತೆ ಬಂದದ್ದು. ಹಿಂದಿನ ಜಗಲಿಯೆಲ್ಲ ನೀರಾಯಿತು. ಮುತ್ತಿ ಬಗ್ಗಿ ನೀರು ಬಳಿಯುತ್ತಿದ್ದಳು. ಏಳುವಾಗ ಆಸರೆಗೆಂದು ಕೈ ಮೇಲೆತ್ತಿ ಮೈನ್ ಸ್ವಿಚ್ಚಿನ ಪೆಟ್ಟಿಗೆಯನ್ನು ಹಿಡಿದಳು.

ಕೂಗಲಿಲ್ಲ. ಹಲ್ಲು ಕಚ್ಚಿಕೊಂಡಂತಹ ಒಂದು ಸದ್ದು ಬಂತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವಳ ಕೈ ಪೆಟ್ಟಿಗೆಗೆ ಅಂಟಿತ್ತು, ಮೈ ನಡುಗುತ್ತಿತ್ತು. ಕಣ್ಣು ನನ್ನ ಕಡೆಗೇ ಇತ್ತು.

ಸೊಸೆ ಕೋಣೆಯಿಂದ ಓಡಿ ಬಂದಳು. ಒದ್ದೆ ನೆಲ, ಬರಿಗಾಲು. ಮುತ್ತಿಯ ತೋಳು ಹಿಡಿಯಲು ಕೈ ಚಾಚಿದಳು.

"ವಿಮಲಾ, ನಿಲ್ಲು! ಮುಟ್ಟಬೇಡ!"

ಆ ದನಿ ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವಳು ನಿಂತಳು. ಅವಳ ಬೆರಳಿಗೂ ಮುತ್ತಿಯ ತೋಳಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಊಟದ ಮಣೆಯನ್ನು ಕಾಲಿನಿಂದ ಜಗಲಿಗೆ ತಳ್ಳಿ ಅದರ ಮೇಲೆ ನಿಂತೆ. ಬಾಗಿಲ ಹಿಂದಿನ ಒನಕೆ ತೆಗೆದು, ಸ್ವಿಚ್ಚಿನ ಹಿಡಿಯನ್ನು ಮೇಲಿನಿಂದ ಕೆಳಕ್ಕೆ ಹೊಡೆದೆ. ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ಬಿತ್ತು. ಮುತ್ತಿ ಬಟ್ಟೆಯ ಗಂಟಿನ ಹಾಗೆ ಕುಸಿದಳು.

ಬದುಕಿದ್ದಾಳೆ. ಅಂಗೈ ಸುಟ್ಟಿದೆ. ಒಂದು ಗಳಿಗೆ ಕಳೆದು ಕಣ್ಣು ಬಿಟ್ಟು, "ಅಮ್ಮೋರೇ, ನಾನ್ ಬಿಟ್ರೂ ಆ ಪೆಟ್ಗೆ ನನ್ನ ಬಿಡ್ಲಿಲ್ಲ ಕಣ್ರವ್ವ," ಎಂದಳು. ಸುಬ್ಬ ನಕ್ಕುಬಿಟ್ಟ, ಆಮೇಲೆ ಮೂಲೆಗೆ ಹೋಗಿ ಅತ್ತ. ಮುತ್ತಿ ಅವನ ಅಕ್ಕನ ಮಗಳು.

ವಿಮಲ ಗೋಡೆಗೊರಗಿ ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ.

"ಮಣೆ ಮೇಲೆ ನಿಲ್ಲಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಮರದ ಮೇಲೆ ನಿಂತರೆ ಅಷ್ಟೊಂದು ಹಿಡಿಯುವುದಿಲ್ಲ."

"ಯಾರು ಹೇಳಿದ್ದು?"

ಮುತ್ತಿಗೆ ಬಿಸಿ ಹಾಲು ತೆಗೆದುಕೊಂಡು ಬಾ ಎಂದೆ. ಅವಳು ಏಳಲಿಲ್ಲ. ನಾನೇ ತಂದು ಕುಡಿಸಿದೆ.

ಸಂಜೆ ಮನೆಯಲ್ಲಿ ಎಣ್ಣೆ ದೀಪ. ಮೇಲೆ ಹೋಗಲಿಲ್ಲ.

ಮಾರ್ಚ್ ೨೪, ಗುರುವಾರ

ಬೆಳ್ಳಿಯಪ್ಪನನ್ನು ಕರೆತರಲು ಕಲ್ಲೇಶಪ್ಪ ನಿನ್ನೆಯೇ ಹೊರಟಿದ್ದ. ಇಂದು ಇಬ್ಬರೂ ಬಂದರು. ಬೆಳ್ಳಿಯಪ್ಪ ಹಾಡಲಿಲ್ಲ. ಮೊದಲು ಮುತ್ತಿಯ ಕೈ ನೋಡಿದ. ಆಮೇಲೆ ಹಲಗೆಯ ಹಿಂದಿನಿಂದ ಆ ತಂತಿಯ ಸುತ್ತನ್ನು ಹೊರಗೆಳೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಇದನ್ನು ಹೀಗೆ ಬಿಟ್ಟು ಹೋಗಬಾರದಿತ್ತು ನಾನು. ಒಂದೋ ಗುಂಡಿ, ಇಲ್ಲ ಕರೆಂಟಿಲ್ಲ ಅಂತ ನಿಲ್ಲಬೇಕಿತ್ತು. ತಂಗಿ ಮದುವೆ ಅಂತ ಓಡಿದೆ."

ತಂತಿಯ ತುದಿಯನ್ನು ಬಿಚ್ಚಿ ನೇರ ಮಾಡಿದ.

"ಒಳಗೆ ಎಲ್ಲಿ ಸೋರ್ತದೆ ಹುಡುಕಬೇಕು. ಅದಕ್ಕೂ ಮೊದಲು ಅರ್ತು ಕೊಡಬೇಕು. ಕೊಟ್ಟರೆ ಕೆಟ್ಟಿರೋ ಲೈನು ತಾನೇ ಫ್ಯೂಸು ಸುಟ್ಟುಕೊಂಡು ತೋರಿಸ್ತದೆ. ಇಲ್ಲ ಅಂದರೆ ಹೇಳಿ ಅಮ್ಮಾ, ತಂತಿ ಎಲ್ಲ ಕಿತ್ತು ಸುತ್ತಿಕೊಂಡು ಹೋಗ್ತೇನೆ. ಅರ್ಧದ ಕೆಲಸ ಇನ್ನು ಮಾಡುವುದಿಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ.

ಊಟವಾದ ಮೇಲೆ ವಿಮಲ ನನ್ನ ಕೋಣೆಗೆ ಬಂದಳು. ಈ ಮನೆಗೆ ಬಂದು ಮೂರು ವರ್ಷವಾಯಿತು, ಕರೆಯದೆ ಒಳಗೆ ಬಂದದ್ದು ಇದೇ ಮೊದಲು. ಕೂರಲಿಲ್ಲ.

"ಅತ್ತೆ, ಗುಂಡಿ ತೋಡದಿದ್ರೆ ನಾನು ಅಪ್ಪಾಜಿಗೆ ಹೇಳಿ ಕಳಿಸ್ತೀನಿ. ಶನಿವಾರಸಂತೆಗೆ ಹೋಗ್ತೀನಿ. ಮಗುವನ್ನ ಇಲ್ಲಿ ಹೆರೋದಿಲ್ಲ, ಹೆತ್ತ ಮೇಲೆ ಇಲ್ಲಿಗೆ ತರೋದೂ ಇಲ್ಲ."

"ಬಸುರಿಯ ಕಣ್ಣೆದುರು ಉಪ್ಪಿನ ಗುಂಡಿ ತೋಡಿಸಲೋ?"

"ಉಪ್ಪು ಅಂದ್ರೆ ನಿಮಗೆ ಏನು ಕಾಣತ್ತೆ ಅಂತ ನನಗೆ ಗೊತ್ತು. ನನಗೂ ಅದೇ ಕಾಣತ್ತೆ." ಅವಳ ದನಿ ಏರಲಿಲ್ಲ. "ಉಪ್ಪಿನ ಮೂಟೆ ಹೋಗೋದನ್ನ ನಾನೂ ಆ ಬಾಗಿಲಲ್ಲೇ ನಿಂತು ನೋಡ್ದೆ. ನಿಮ್ಮ ಪಕ್ಕದಲ್ಲೇ ಇದ್ದೆ. ನೀವು ನನ್ನ ಕಡೆ ನೋಡಲಿಲ್ಲ."

ನನ್ನ ಪಕ್ಕದಲ್ಲಿ ಯಾರಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

"ಹೋಗಿ ಮಲಗು. ಕಾಲು ಊದಿದೆ," ಎಂದೆ.

ಮಾರ್ಚ್ ೨೫, ಶುಕ್ರವಾರ

ಮೇಲೆ ಹೋದೆ. ಮೈನ್ ಸ್ವಿಚ್ಚು ಆಫ್ ಆಗಿದೆ, ದೀಪದಲ್ಲಿ ಏನೂ ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ಹೋದೆ. ಬಹಳ ಹೊತ್ತು ಹಿಡಿದುಕೊಂಡು ಕೂತೆ.

ಕೆಳಗೆ ವಿಮಲ ಮುತ್ತಿಯ ಕೈಗೆ ಬೆಣ್ಣೆ ಹಚ್ಚುತ್ತಿದ್ದಳು. ಮುತ್ತಿ ಏನೋ ಹೇಳಿದಳು, ವಿಮಲ ನಕ್ಕಳು. ಅಕ್ಟೋಬರಿನಿಂದ ಈಚೆಗೆ ಅವಳು ನಕ್ಕದ್ದು ಕೇಳಿರಲಿಲ್ಲ.

ಕಲ್ಲೇಶಪ್ಪನನ್ನು ಕರೆದು ನಾಳೆಗೆ ಹಾರೆ ಗುದ್ದಲಿ ತರಹೇಳಿದೆ.

ಮಾರ್ಚ್ ೨೬, ಶನಿವಾರ

ಗುಂಡಿ ತೋಡಿಸಿದೆ.

ಜಾಗ ನಾನೇ ತೋರಿಸಿದೆ, ಬಚ್ಚಲ ನೀರು ಹರಿದುಹೋಗುವ ಕಡೆ. ಅಲ್ಲಿ ನೆಲ ಯಾವಾಗಲೂ ಹಸಿಯಾಗಿರುತ್ತದೆ. ಹಸಿ ಇದ್ದಷ್ಟೂ ಒಳ್ಳೆಯದು ಎಂದು ಬೆಳ್ಳಿಯಪ್ಪ ಹೇಳಿದ. ಸುಬ್ಬನೂ ಇನ್ನೊಬ್ಬ ಆಳೂ ತೋಡಿದರು. ಆಳುದ್ದವಾದ ಮೇಲೆ ತಾಮ್ರದ ಹಲಗೆ ಇಳಿಸಿದರು, ತಂತಿ ಬಿಗಿದರು, ಇದ್ದಿಲು ಹಾಕಿದರು.

ಉಗ್ರಾಣದ ಬೀಗ ತೆಗೆದು ಉಪ್ಪಿನ ಮೂಟೆ ಹೊರಗೆ ಕೊಟ್ಟೆ. ಅದರ ಹಿಂದೆಯೇ ನಾನೂ ಹೋದೆ.

ಕಲ್ಲೇಶಪ್ಪ ಗಾಬರಿಯಾದ. "ಅಮ್ಮೋರೇ, ತಾವು ಇಲ್ಲಿಗೆಲ್ಲ ಬರಬಾರ್ದು. ಒಳಗಿರಿ. ನಾನು ಹಾಕಿಸ್ತೀನಿ."

"ಪಕ್ಕಕ್ಕೆ ನಿಲ್ಲು."

ಅಂಚಿನಲ್ಲಿ ಮಂಡಿಯೂರಿ ಕೂತು ಎರಡೂ ಕೈಯಿಂದ ಹಾಕಿದೆ. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಒನಕೆಯಿಂದ ತರಚಿದ ಅಂಗೈಗೆ ಉಪ್ಪು ತಗುಲಿ ಉರಿಯಿತು. ಚೆನ್ನಾಗಿಯೇ ಉರಿಯಿತು. ಅರ್ಧ ಮೂಟೆ ಆದಾಗ ಕಲ್ಲೇಶಪ್ಪನನ್ನು ಕೇಳಿದೆ.

"ಅವನಿಗೆ ಉಪ್ಪು ಸಾಕಾಯಿತೇ?"

ಕಲ್ಲೇಶಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದ. "ಸಾಕಾಯ್ತು ಅಮ್ಮೋರೇ. ಎದೆವರೆಗೂ ವಿಭೂತಿ, ಅಲ್ಲಿಂದ ಮೇಲೆ ಉಪ್ಪು. ಒಂದು ಹಿಡಿನೂ ಕಮ್ಮಿ ಮಾಡ್ಲಿಲ್ಲ. ನಾನೇ ನಿಂತು ಹಾಕಿಸ್ದೆ."

"ಮುಖ ಯಾವ ಕಡೆಗಿತ್ತು?"

"ಮನೆ ಕಡೆಗೆ."

ಉಳಿದದ್ದನ್ನು ಹಾಕಿದೆ. ಮುಖ ಒದ್ದೆಯಾಗಿತ್ತು. ಬಿಸಿಲು ಜಾಸ್ತಿಯಿತ್ತು.

ಮಣ್ಣು ಮುಚ್ಚಿ ನೀರು ಹೊಯ್ದ ಮೇಲೆ ಬೆಳ್ಳಿಯಪ್ಪ ಮೈನ್ ಸ್ವಿಚ್ಚು ಹಾಕಿದ. ಫಟ್ ಎಂದಿತು. ಒಂದು ಫ್ಯೂಸು ಸುಟ್ಟುಹೋಯಿತು. "ಸಿಕ್ಕಿತು ಕಳ್ಳ!" ಎಂದು ಕುಣಿದ. ಇಷ್ಟು ದಿನಕ್ಕೆ ಅವನ ಬಾಯಿ ಮತ್ತೆ ತೆರೆಯಿತು. ಆ ಲೈನನ್ನೇ ಹಿಡಿದುಕೊಂಡು ಹೋದವನು ವಿಮಲಳ ಕೋಣೆಯಲ್ಲಿ, ಮಂಚದ ಮೇಲ್ಗಡೆ ನಿಂತ. ಸೊಳ್ಳೆಪರದೆಯ ಮೊಳೆ. ಅದು ಮರದ ಪಟ್ಟಿಯನ್ನು ತೂರಿಕೊಂಡು ಹೋಗಿ, ಕರೆಂಟಿನ ತಂತಿಯನ್ನೂ ಅರ್ತಿನ ತಂತಿಯನ್ನೂ ಒಟ್ಟಿಗೆ ಚುಚ್ಚಿತ್ತು.

"ಯಾವ ಪುಣ್ಯಾತ್ಮ ಪಟ್ಟಿಗೆ ಮೊಳೆ ಹೊಡೆದದ್ದು?"

ಸುಬ್ಬನ ಮುಖ ಬಿಳಿಚಿತು.

"ನಾನು ಹೇಳಿದ್ದಕ್ಕೆ ಹೊಡೆದ. ಅವನನ್ನು ಏನೂ ಅನ್ನಬೇಡ," ಎಂದೆ.

ಮೊಳೆ ಕಿತ್ತು, ಅಲ್ಲಿನ ತಂತಿ ಬದಲಿಸಿ, ಹೊಸ ಫ್ಯೂಸು ಹಾಕಿದ. ಪರದೆಗೆ ಸೂರಿನ ತೊಲೆಯಲ್ಲಿ ಕೊಕ್ಕೆ ಹಾಕಿಸಿದೆ. ಎಲ್ಲ ಮುಗಿದ ಮೇಲೆ ಅವನು ಹಿಂದಿನ ಜಗಲಿಗೆ ಬಂದು, ಚೀಲದಿಂದ ಎರಡು ತಂತಿ ಸಿಕ್ಕಿಸಿದ ಒಂದು ಬಲ್ಬು ತೆಗೆದ. ಪೆಟ್ಟಿಗೆಗೆ ಹಿಡಿದು ಪರೀಕ್ಷೆ ಮಾಡುತ್ತೇನೆ ಎಂದ.

"ಬಲ್ಬು ಬೇಡ."

ಜಗಲಿಗೆ ಒಂದು ಕೊಡ ನೀರು ಹೊಯ್ಯಿಸಿದೆ. ಬರಿಗಾಲಲ್ಲಿ ಆ ನೀರಿನಲ್ಲಿ ನಿಂತು, ಒದ್ದೆ ಕೈಯನ್ನು ಕಬ್ಬಿಣದ ಪೆಟ್ಟಿಗೆಯ ಮೇಲಿಟ್ಟೆ.

"ಹಾಕು," ಎಂದೆ.

"ಅಮ್ಮಾ, ಇದು ಹುಡುಗಾಟ ಅಲ್ಲ."

"ಅತ್ತೆ, ಬೇಡ," ಎಂದಳು ವಿಮಲ.

"ಈ ಮನೆಯಲ್ಲಿ ಇನ್ನು ಮುಂದೆ ಇದನ್ನು ಯಾರು ಮುಟ್ಟುವುದಿದ್ದರೂ ನಾನು ಮುಟ್ಟಿದ ಮೇಲೆ. ಹಾಕು."

ಬೆಳ್ಳಿಯಪ್ಪ ಟೋಪಿ ತೆಗೆದು ನೆಲಕ್ಕಿಟ್ಟ. ಯಾವುದೋ ದೇವರ ಹೆಸರು ಹೇಳಿ ಹಿಡಿಯನ್ನು ಮೇಲಕ್ಕೆತ್ತಿದ. ಒಳಗೆ ದೀಪಗಳು ಹತ್ತಿದವು.

ಕಬ್ಬಿಣ ತಣ್ಣಗಿತ್ತು. ಒಂದು ಮೂಲೆಯಲ್ಲಿ ಬಣ್ಣ ಎದ್ದು ಒರಟಾಗಿತ್ತು. ಕಾಲ ಕೆಳಗೆ ನೀರು ತಂಪಾಗಿತ್ತು. ಬೇರೆ ಏನೂ ಇರಲಿಲ್ಲ. ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ವಿಮಲ ನಾನು ಕರೆಯುವ ಮೊದಲೇ ನೀರಿಗೆ ಇಳಿದು ಬಂದು, ನನ್ನ ಕೈಯ ಪಕ್ಕದಲ್ಲಿ ಅವಳ ಕೈ ಇಟ್ಟಳು.